ಸೀಲ್‌ಡೌನ್‌ನ ಖರ್ಚು ಯಾರ ತಲೆ ಮೇಲೆ?

2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ ಗಲಾಟೆಯಾಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಪಾಲಿಕೆ ಮತ್ತು ಆರೋಗ್ಯ ಸಿಬ್ಬಂದಿ ಹೋಗಿದ್ದರು. ವಾರ್ಡು ಸೀಲ್‌ಡೌನ್ ಆಗಿ ಆಗಲೇ ವಾರ ಕಳೆದಿತ್ತು. ಒಂದು ಗುಂಪು ಬ್ಯಾರಿಕೇಡ್ ಕಿತ್ತು ಬಿಸಾಡಿತು, ಸಿಬ್ಬಂದಿಯ ಮೇಲೆ ಏರಿಹೋಯಿತು. ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ಆಸ್ಪತ್ರೆ ಸಿಬ್ಬಂದಿಯ ಮೈಮೇಲೆ ಬಿದ್ದವರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹಿಡಿದವರನ್ನು ಇಟ್ಟದ್ದೆಲ್ಲಿ? ರಾಮನಗರದ ಜೈಲಿನಲ್ಲಿ. ಆ ಹೊತ್ತಿಗೆ ರಾಮನಗರ ಜಿಲ್ಲೆಯಲ್ಲಿ ಒಂದೂ ಕೋವಿಡ್ ಕೇಸ್ ಇರಲಿಲ್ಲ. ಕೆಲವೇ ದಿನಗಳಲ್ಲಿ ಬಂಧಿತರಲ್ಲಿ ಕೆಲವರಿಗೆ ಪಾಸಿಟಿವ್ ಬಂತು. ರಾಮನಗರದವರು ರೊಚ್ಚಿಗೆದ್ದರು. ಕೊನೆಗೆ ಎಲ್ಲರನ್ನೂ ಬಸ್ಸು ಹತ್ತಿಸಿ ವಾಪಸ್ ಬೆಂಗಳೂರಿನ ಹಜ್ ಭವನಕ್ಕೆ ತಂದರು.

ರೋಗ ವಾರ್ಡಿನಿಂದ ಹೊರಗೆ ಹೋಗಬಾರದು ಅಂತ ಬೇಲಿ ಹಾಕಿದ ಸರ್ಕಾರವೇ ರೋಗವನ್ನು ವಾಹನದಲ್ಲಿ ಕೂರಿಸಿಕೊಂಡು ಪಕ್ಕದ ಜಿಲ್ಲೆಗೆ ಬಿಟ್ಟು ಬಂದಂತಾಯಿತು. ಟಿವಿಗಳಲ್ಲಿ ವಾರಗಟ್ಟಲೆ ಆ ವಾರ್ಡಿನ ಜನರ ಬಗ್ಗೆ, ಅವರ ಧರ್ಮದ ಬಗ್ಗೆ ಮಾತು ನಡೆಯಿತು. ಟೆಸ್ಟ್ ವರದಿ ಬರುವ ಮೊದಲೇ ಅವರನ್ನು ಜಿಲ್ಲೆಯ ಗಡಿ ದಾಟಿಸಿದ್ದು ಯಾರು ಅನ್ನುವ ಪ್ರಶ್ನೆ ಅಷ್ಟಾಗಿ ಯಾರಿಗೂ ಬೇಕಿರಲಿಲ್ಲ. ಮೂರು ದಿನದಲ್ಲಿ, ಏಪ್ರಿಲ್ 22ಕ್ಕೆ, ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ಹೊರಡಿಸಿತು. ಮುಂದೆ ಅದೇ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಾಯಿತು.

ಈಗ ಯಾಕೆ ಇದೆಲ್ಲ ಅಂತ ಕೇಳಬಹುದು. ಕೋವಿಡ್ ಮುಗಿದರೂ ಪ್ರದೇಶಕ್ಕೆ ಪ್ರದೇಶ ಮುಚ್ಚುವ ಪದ್ಧತಿ ಮುಗಿದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ನಿಪಾ ಬಂದಾಗ ಕೇರಳದ ಕೋಯಿಕ್ಕೋಡ್ ಜಿಲ್ಲೆಯ 7 ಪಂಚಾಯಿತಿಗಳ 43 ವಾರ್ಡುಗಳು ಕಂಟೈನ್‌ಮೆಂಟ್ ಝೋನ್ ಆದವು. 2024ರಲ್ಲಿ ಮಲಪ್ಪುರಂನಲ್ಲೂ ನಿಪಾ ಕಾಣಿಸಿಕೊಂಡಿತು. ನಮ್ಮ ಗಡಿ ಜಿಲ್ಲೆಗಳಲ್ಲಿ ಪ್ರತಿಸಲವೂ ಕಟ್ಟೆಚ್ಚರ. ಮುಂದೆ ಯಾವ ಜ್ವರ ಬಂದರೂ ದೇಶವಿಡೀ ಮುಚ್ಚುವ ಧೈರ್ಯ ಯಾವ ಸರ್ಕಾರಕ್ಕೂ ಇರಲಾರದು. ಮುಚ್ಚುವುದು ಒಂದು ವಾರ್ಡು, ಒಂದು ಬೀದಿ, ಒಂದು ತಾಲ್ಲೂಕು. ಹಾಗಾಗಿ 2020-21ರಲ್ಲಿ ನಮ್ಮಲ್ಲೇ ಏನಾಯಿತು ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಥಳೀಯ ಲಾಕ್‌ಡೌನ್ ಅನ್ನುವ ಯೋಚನೆಯೇ ತಪ್ಪು ಅನ್ನುವವನು ನಾನಲ್ಲ. ಊರೆಲ್ಲ ಮುಚ್ಚುವುದಕ್ಕಿಂತ ರೋಗ ಇರುವ ಕಡೆ ಮಾತ್ರ ಮುಚ್ಚುವುದು ಎಷ್ಟೋ ಮೇಲು. ತಕರಾರು ಇರುವುದು ಬೇರೆ ಕಡೆ. ಊರು ಸುರಕ್ಷಿತವಾಗಿರಲಿ ಅಂತ ಒಂದು ಬೀದಿಯ ಸಂಪಾದನೆ ನಿಲ್ಲಿಸುತ್ತೀರಿ. ಅಂದ ಮೇಲೆ ಆ ಬೀದಿಯ ನಷ್ಟವನ್ನು ಊರು ಹೊರಬೇಕು, ಅಲ್ವಾ? ನಮ್ಮಲ್ಲಿ ನಷ್ಟವೂ ಬೀದಿಯದೇ, ದಂಡವೂ ಬೀದಿಯದೇ, ಬೈಗುಳವೂ ಬೀದಿಗೇ.

ಗೆರೆ ಎಳೆದ ಬಗೆಯನ್ನೇ ನೋಡಿ. 2020ರ ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಇಲಾಖೆ ದೇಶದ ಜಿಲ್ಲೆಗಳಿಗೆ ಬಣ್ಣ ಹಚ್ಚಿತು. 130 ಕೆಂಪು, 284 ಕಿತ್ತಳೆ, 319 ಹಸಿರು. ಕರ್ನಾಟಕದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಮೈಸೂರು ಕೆಂಪು. ಮೈಸೂರು ಕೆಂಪಾಗಲು ಮುಖ್ಯ ಕಾರಣ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರರಲ್ಲಿ ಹಬ್ಬಿದ ಸೋಂಕು. ಆದರೆ ಅದಕ್ಕೆ ಬೆಲೆ ತೆತ್ತದ್ದು ಕಾರ್ಖಾನೆಯ ಮುಖವನ್ನೇ ನೋಡದ ಪಿರಿಯಾಪಟ್ಟಣದವರು, ತಿ. ನರಸೀಪುರದವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಜಿಲ್ಲೆ ಅನ್ನುವುದು ಕಂದಾಯ ಇಲಾಖೆಯ ಅನುಕೂಲಕ್ಕೆ ಆದದ್ದು. ಜನರ ಓಡಾಟ ಆ ಗೆರೆಯನ್ನು ಕೇಳಿ ನಡೆಯುವುದಿಲ್ಲ. ನೆಲಮಂಗಲದಲ್ಲಿ ಮನೆ, ಪೀಣ್ಯದಲ್ಲಿ ಕೆಲಸ. ಬಿಡದಿಯಲ್ಲಿ ಕೆಲಸ, ಕೆಂಗೇರಿಯಲ್ಲಿ ಮನೆ. ಶ್ರೀರಂಗಪಟ್ಟಣದವರಿಗೆ ಪೇಟೆ ಅಂದರೆ ಮೈಸೂರೇ ಹೊರತು ಮಂಡ್ಯ ಅಲ್ಲ. 2021ರ ಆಗಸ್ಟ್‌ನಲ್ಲಿ ಕೇರಳ ಮತ್ತು ಮಹಾರಾಷ್ಟ್ರದ ಗಡಿಯ 8 ಜಿಲ್ಲೆಗಳಿಗೆ ವಾರಾಂತ್ಯದ ಕರ್ಫ್ಯೂ ಹೇರಿದಾಗ ಪಟ್ಟಿಯಲ್ಲಿ ಮೈಸೂರು ಇತ್ತು, ಮಂಡ್ಯ ಇರಲಿಲ್ಲ. ಶನಿವಾರ ಮೈಸೂರಿನ ಸೀರೆ ಅಂಗಡಿಯವನು ಬಾಗಿಲು ಹಾಕಿಕೊಂಡು ಕೂರಬೇಕು. ಅರ್ಧ ಗಂಟೆ ದಾರಿಯಲ್ಲಿ ಇನ್ನೊಬ್ಬ ಆರಾಮಾಗಿ ವ್ಯಾಪಾರ ಮಾಡಬಹುದು.

ಗೆರೆ ಎಳೆಯಲು ಬಳಸಿದ ಅಳತೆಗೋಲೂ ಅಷ್ಟೇನು ಗಟ್ಟಿಯದಲ್ಲ. 2021ರ ಜೂನ್‌ನಲ್ಲಿ ಎರಡನೇ ಅಲೆ ಇಳಿಯುತ್ತಿದ್ದಾಗ ಪಾಸಿಟಿವಿಟಿ ದರ ಜಾಸ್ತಿ ಇದೆ ಅಂತ 11 ಜಿಲ್ಲೆಗಳನ್ನು ಮುಚ್ಚಿಯೇ ಇಟ್ಟು, ಉಳಿದ ಕಡೆ ಜೂನ್ 14ರಿಂದ ಸಡಿಲಿಕೆ ಕೊಟ್ಟರು. ನೂರು ಜನರಿಗೆ ಟೆಸ್ಟ್ ಮಾಡಿದರೆ ಎಷ್ಟು ಜನಕ್ಕೆ ಪಾಸಿಟಿವ್ ಬಂತು ಅನ್ನುವುದೇ ಈ ದರ. ಜ್ವರ, ಕೆಮ್ಮು ಇರುವವರನ್ನೇ ಹುಡುಕಿ ಟೆಸ್ಟ್ ಮಾಡಿದ ಜಿಲ್ಲೆಯಲ್ಲಿ ದರ ಮೇಲಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕ್ಯಾಂಪ್ ಹಾಕಿ ಸಿಕ್ಕಸಿಕ್ಕವರ ಮೂಗಿಗೆ ಕಡ್ಡಿ ಹಾಕಿದ ಜಿಲ್ಲೆಯಲ್ಲಿ ಕೆಳಗಿಳಿಯುತ್ತದೆ. ಎರಡೂ ಕಡೆ ರೋಗ ಅಷ್ಟೇ ಇರಬಹುದು. ಅಂದರೆ ಕಾಯಿಲೆಯವರನ್ನು ಶ್ರದ್ಧೆಯಿಂದ ಹುಡುಕಿದ ಜಿಲ್ಲೆಗೆ ಇನ್ನೊಂದು ವಾರ ಲಾಕ್‌ಡೌನ್ ಬಹುಮಾನ! ಬೇರೆ ಅಳತೆಗಳೂ ಇದ್ದವು. ಆಸ್ಪತ್ರೆಯಲ್ಲಿ ಎಷ್ಟು ಆಕ್ಸಿಜನ್ ಬೆಡ್ ಭರ್ತಿಯಾಗಿವೆ ಅನ್ನುವುದನ್ನು ಇಷ್ಟು ಸುಲಭವಾಗಿ ಮೇಲೆ ಕೆಳಗೆ ಮಾಡಲು ಆಗುವುದಿಲ್ಲ.

ಬೀದಿಯ ಮಟ್ಟಕ್ಕೆ ಬಂದರೆ ಇನ್ನೊಂದು ತೊಡಕು. ಸೋಂಕು ತಗಲಿ ಲಕ್ಷಣ ಕಾಣಿಸಿಕೊಳ್ಳಲು ಆಗ ಸರಾಸರಿ ಐದು ದಿನ ಬೇಕಿತ್ತು. ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಅದು ಬೇರೆಯವರಿಗೆ ಹರಡಲು ಶುರುವಾಗುತ್ತದೆ. ಜ್ವರ ಬಂದವನು ಎರಡು ದಿನ ಡೋಲೊ ನುಂಗಿ ನೋಡುತ್ತಾನೆ. ಆಮೇಲೆ ಟೆಸ್ಟ್. ಜುಲೈ 2020ರ ಬೆಂಗಳೂರಿನಲ್ಲಿ ವರದಿ ಬರುವುದೇ ದಿನಗಟ್ಟಲೆ ತಡ. ವರದಿ ಬಂದ ಮೇಲೆ ಪಾಲಿಕೆಗೆ ಪಟ್ಟಿ, ಪಾಲಿಕೆಯಿಂದ ವಾರ್ಡಿಗೆ, ವಾರ್ಡಿನಿಂದ ಬಿದಿರು ಗಳ ಕಟ್ಟುವ ಗುತ್ತಿಗೆದಾರನಿಗೆ. ಬೀದಿಗೆ ಅಡ್ಡ ಕಟ್ಟುವ ಹೊತ್ತಿಗೆ ಆ ರೋಗಿ ಹರಡುವುದನ್ನೆಲ್ಲ ಹರಡಿ ಮುಗಿಸಿರುತ್ತಿದ್ದ. ಟೆಸ್ಟ್ ವರದಿ ಬೇಗ ಬಂದರೆ ಮಾತ್ರ ಸೀಲ್‌ಡೌನ್‌ಗೆ ಅರ್ಥ. ತಡವಾದರೆ ಅದು ಸುಮ್ನೆ ಶಿಕ್ಷೆ.

ನಮ್ಮ ಬೀದಿಗೂ ಆ ಜುಲೈನಲ್ಲಿ ಗಳ ಬಿತ್ತು. ಮುಂದಿನ ತುದಿಗೆ ಮಾತ್ರ. ಹಿಂದಿನ ಗಲ್ಲಿ ಹಾಗೇ ತೆರೆದಿತ್ತು, ಎಲ್ಲರೂ ಅದರಲ್ಲೇ ಓಡಾಡಿದರು, ಸ್ಕೂಟರ್ ಸಮೇತ. ಮುಂದಿನ ತುದಿಯಲ್ಲಿ ಗಳದ ಒಳಗಡೆ ಒಂದು ಇಡ್ಲಿ ಗಾಡಿ ನಿಲ್ಲುತ್ತಿತ್ತು. ಅದು ಬಂದ್. ಗಳದ ಹೊರಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ದರ್ಶಿನಿಯಲ್ಲಿ ಪಾರ್ಸೆಲ್ ಭರಾಟೆ. ಗಾಡಿಯವರ ಹೆಂಡತಿ ತೊಳೆದಿಟ್ಟಿದ್ದ ಇಡ್ಲಿ ತಟ್ಟೆಗಳನ್ನು ಮನೆ ಮೆಟ್ಟಿಲ ಮೇಲೆ ಬೋರಲು ಹಾಕಿದ್ದರು. ಆ ಗಾಡಿಯಿಂದ ಯಾರಿಗೂ ಸೋಂಕು ತಗಲಿರಲಿಲ್ಲ. ದರ್ಶಿನಿಯಿಂದಲೂ ಇಲ್ಲ. ಗಳ ಎಲ್ಲಿ ಬಿತ್ತು ಅನ್ನುವುದಷ್ಟೇ ವ್ಯತ್ಯಾಸ.

ಯಾರ ಮನೆಗೆ ಎಷ್ಟು ದೊಡ್ಡ ಬೇಲಿ ಅನ್ನುವುದರಲ್ಲೂ ತಾರತಮ್ಯ ಇತ್ತು. ಶುರುವಿನಲ್ಲಿ ವಾರ್ಡಿಗೆ ವಾರ್ಡೇ ಸೀಲ್ ಆಗುತ್ತಿತ್ತು. ಪಾದರಾಯನಪುರ, ಬಾಪೂಜಿನಗರಗಳಿಗೆ ಆದದ್ದು ಅದು. ಕೇಸುಗಳು ಜಾಸ್ತಿಯಾಗುತ್ತ ಅಪಾರ್ಟ್‌ಮೆಂಟುಗಳಲ್ಲಿ ಕಂಟೈನ್‌ಮೆಂಟ್ ಅನ್ನುವುದು ಒಂದು ಟವರ್‌ಗೆ, ಒಂದು ಮಹಡಿಗೆ, ಆಮೇಲೆ ಒಂದು ಫ್ಲ್ಯಾಟಿಗೆ ಕುಗ್ಗಿತು. ಒತ್ತೊತ್ತಾಗಿ ಮನೆಗಳಿರುವ ಕಡೆ ಬೀದಿಗೆ ಬೀದಿಯೇ ಒಳಗೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ವಠಾರದಲ್ಲಿ ಎಂಟು ಮನೆಗೆ ಒಂದು ನಲ್ಲಿ, ಎರಡು ಕಕ್ಕಸು. ಅಲ್ಲಿ ರೋಗ ನಿಜವಾಗಿಯೂ ಬೇಗ ಹರಡುತ್ತದೆ. ಆದರೆ ಅದೇ ಕಾರಣಕ್ಕೆ ಅಂಥ ಕಡೆ ಜನರನ್ನು ಒಳಗೇ ಕೂಡಿಹಾಕಿದರೆ ಇಲ್ಲದವರಿಗೂ ತಗಲುತ್ತದೆ. ಅಲ್ಲಿ ಬೇಕಿದ್ದದ್ದು ಬೇಲಿ ಅಲ್ಲ. ಸೋಂಕಿತರಿಗೆ ಹೊರಗೆ ಒಂದು ಒಳ್ಳೆಯ ರೂಮು, ಹೊತ್ತಿಗೆ ಊಟ, ಮನೆಯವರಿಗೆ ಅಷ್ಟು ದಿನದ ಕೂಲಿ.

ಅನುಕೂಲಸ್ಥರ ಕಡೆಯೂ ಅತಿರೇಕ ನಡೆಯಲಿಲ್ಲ ಅಂತಲ್ಲ. 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಫ್ಲ್ಯಾಟುಗಳ ಬಾಗಿಲಿಗೆ ಪಾಲಿಕೆ ಸಿಬ್ಬಂದಿ ಕಬ್ಬಿಣದ ತಗಡು ಹೊಡೆದು ಹೋದರು. ಒಂದರಲ್ಲಿ ಇಬ್ಬರು ಚಿಕ್ಕ ಮಕ್ಕಳ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಬೆಂಕಿ ಬಿದ್ದರೆ ಏನು ಗತಿ? ಫೋಟೊ ಟ್ವಿಟರ್‌ನಲ್ಲಿ ಓಡಾಡಿತು. ತಗಡು ತಕ್ಷಣ ಕಿತ್ತರು, ಆಗಿನ ಪಾಲಿಕೆ ಆಯುಕ್ತ ಎನ್. ಮಂಜುನಾಥ ಪ್ರಸಾದ್ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡತನ. ಆದರೆ ಟ್ವಿಟರ್ ಇಲ್ಲದ ಬೀದಿಗಳಲ್ಲೂ ತಗಡು ಇತ್ತು. ಅಲ್ಲಿಗೆ ಯಾವ ಆಯುಕ್ತರೂ ಬರಲಿಲ್ಲ.

ಜನ ಇದನ್ನೆಲ್ಲ ನೋಡಿ ಪಾಠ ಕಲಿತರು, ಆದರೆ ಸರ್ಕಾರಕ್ಕೆ ಬೇಕಾದ ಪಾಠ ಅಲ್ಲ. ಟೆಸ್ಟ್ ಮಾಡಿಸಿದರೆ ಬೀದಿಗೆ ಗಳ ಬೀಳುತ್ತದೆ, ಬೀದಿಯವರೆಲ್ಲ ಶಾಪ ಹಾಕುತ್ತಾರೆ, ಓನರ್ ಮನೆ ಖಾಲಿ ಮಾಡಿ ಅನ್ನುತ್ತಾರೆ. ಹಾಗಾಗಿ ಟೆಸ್ಟ್ ಬೇಡ. ಮಾಡಿಸಲೇಬೇಕಾದರೆ ತಪ್ಪು ಫೋನ್ ನಂಬರ್ ಕೊಡು, ಹಳೇ ವಿಳಾಸ ಬರೆಸು. ಅದೇ ಜುಲೈ ಕೊನೆಗೆ ಬೆಂಗಳೂರಿನಲ್ಲಿ 3,000ಕ್ಕೂ ಹೆಚ್ಚು ಸೋಂಕಿತರು ಎಲ್ಲಿದ್ದಾರೆ ಅಂತಲೇ ಗೊತ್ತಾಗುತ್ತಿಲ್ಲ ಅಂತ ಪಾಲಿಕೆಯೇ ಹೇಳಿತು. ಅವರನ್ನು ಬೇಜವಾಬ್ದಾರಿಗಳು ಅಂತ ಬೈಯುವುದು ಸುಲಭ. ಕೆಲವರು ಹಾಗೇ ಇದ್ದರು ಕೂಡ. ಆದರೆ ನಿಜ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಅಂತ ನಿಯಮ ಮಾಡಿದರೆ ಜನ ಮುಚ್ಚಿಡದೆ ಇನ್ನೇನು ಮಾಡುತ್ತಾರೆ?

ಮುಚ್ಚುವ ಸುದ್ದಿಯನ್ನು ಯಾವಾಗ ಹೇಳಬೇಕು ಅನ್ನುವುದು ಮಾತ್ರ ನಿಜಕ್ಕೂ ಕಷ್ಟದ ಪ್ರಶ್ನೆ. ಇದರಲ್ಲಿ ಅಧಿಕಾರಿಗಳ ಬಗ್ಗೆ ನನಗೆ ಕನಿಕರ ಇದೆ. 2020ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರವನ್ನು ಜುಲೈ 14ರ ರಾತ್ರಿ 8ರಿಂದ ಜುಲೈ 22ರ ಬೆಳಗ್ಗೆವರೆಗೆ ಮುಚ್ಚಿದರು. ಮೂರು ದಿನ ಮೊದಲೇ ಹೇಳಿದ್ದರು. ಅಕ್ಕಿ, ಬೇಳೆ ತಂದಿಟ್ಟುಕೊಳ್ಳಲು ಜನರಿಗೆ ಸಮಯ ಸಿಕ್ಕಿತು. ಅದೇ ಸಮಯದಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿ ಊರಿನ ದಾರಿ ಹಿಡಿದರು. ತುಮಕೂರು ರಸ್ತೆಯಲ್ಲಿ ಗಾಡಿಗಳ ಸಾಲು. ರೋಗವೂ ಅವರ ಜತೆ ಜಿಲ್ಲೆಗಳಿಗೆ ಹೋಗಿರಬೇಕು. ಹೇಳದೆ ಕೇಳದೆ ಮುಚ್ಚಿದರೆ ಹೇಗಿರುತ್ತದೆ ಅನ್ನುವುದಕ್ಕೂ ಅದೇ ತಿಂಗಳ ಉದಾಹರಣೆ ಇದೆ, ಆಸ್ಟ್ರೇಲಿಯಾದಿಂದ. ಜುಲೈ 4ರ ಮಧ್ಯಾಹ್ನ ಮೆಲ್ಬರ್ನ್‌ನ ಒಂಬತ್ತು ಸರ್ಕಾರಿ ವಸತಿ ಗೋಪುರಗಳನ್ನು ಆ ಕ್ಷಣದಿಂದಲೇ ಬಂದ್ ಮಾಡಲಾಯಿತು. ಒಳಗೆ ಸುಮಾರು 3,000 ಜನ, ಅವರಲ್ಲಿ ಬಹಳಷ್ಟು ಮಂದಿ ವಲಸೆ ಬಂದವರು. ಕೆಳಗೆ ಹಾಲು ತರಲು ಹೊರಟವರಿಗೆ ಬಾಗಿಲಲ್ಲಿ ಪೊಲೀಸರು. ಎಂಟು ಗೋಪುರಗಳಿಗೆ ಐದು ದಿನದಲ್ಲಿ ಬಿಡುಗಡೆ ಸಿಕ್ಕಿತು, ಒಂದಕ್ಕೆ ಎರಡು ವಾರ.

ಆಮೇಲೆ ಅಲ್ಲಿ ನಡೆದದ್ದು ನಮಗೆ ಮುಖ್ಯ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಓಂಬುಡ್ಸ್‌ಮನ್ (ಸರ್ಕಾರದ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ) ಡೆಬೊರಾ ಗ್ಲಾಸ್ ತನಿಖೆ ನಡೆಸಿ ಅದೇ ವರ್ಷ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಹಾಗೆ ಏಕಾಏಕಿ ಮುಚ್ಚಿದ್ದು ನಿವಾಸಿಗಳ ಮಾನವ ಹಕ್ಕಿನ ಉಲ್ಲಂಘನೆ ಅಂದರು. ಸರ್ಕಾರ ಕ್ಷಮೆ ಕೇಳಲಿಲ್ಲ. ಆದರೆ 2023ರಲ್ಲಿ ನಿವಾಸಿಗಳು ಹೂಡಿದ ಮೊಕದ್ದಮೆಯಲ್ಲಿ 50 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮಲ್ಲಿ ಸೀಲ್‌ಡೌನ್ ಆದ ಯಾವುದಾದರೂ ವಾರ್ಡಿನ ಬಗ್ಗೆ ಇಂಥ ಒಂದು ತನಿಖೆ ನಡೆದದ್ದು ನಾನಂತೂ ಕೇಳಿಲ್ಲ. ಕೋವಿಡ್ ಕಾಲದ ಖರೀದಿಗಳ ಬಗ್ಗೆ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ ತನಿಖೆ ನಡೆಸಿತು, ಅದು ಬೇಕಿತ್ತು. ಪಿಪಿಇ ಕಿಟ್ಟಿನ ಲೆಕ್ಕ ಕೇಳಿದೆವು. ತಗಡಿನ ಲೆಕ್ಕ ಕೇಳಲಿಲ್ಲ.

ಇನ್ನು ಜಾರಿಯ ವಿಷಯ. 2020ರ ಏಪ್ರಿಲ್‌ನಲ್ಲಿ ಬೆಂಗಳೂರು ಪೊಲೀಸರು ಹತ್ತಾರು ಸಾವಿರ ವಾಹನ ಹಿಡಿದಿಟ್ಟರು. ತಿಂಗಳ ಕೊನೆಗೆ ಹೈಕೋರ್ಟ್ ಅನುಮತಿ ಪಡೆದು ಬಿಡಿಸಿಕೊಳ್ಳಲು ದರ ಗೊತ್ತುಮಾಡಿದರು: ದ್ವಿಚಕ್ರಕ್ಕೆ 500 ರೂಪಾಯಿ, ಕಾರಿಗೆ 1,000. ಕಾರು ಇದ್ದವನಿಗೆ ಅದೊಂದು ಕಿರಿಕಿರಿ. ಟಿವಿಎಸ್ ಗಾಡಿಯಲ್ಲಿ ಸೊಪ್ಪು ಮಾರುವವನಿಗೆ ಗಾಡಿ ಸ್ಟೇಷನ್ನಿನಲ್ಲಿ ನಿಂತಷ್ಟು ದಿನವೂ ಹೊಟ್ಟೆ ಮೇಲೆ ಹೊಡೆತ. ಪಾಸ್ ಕಥೆಯೂ ಅದೇ. ಕಂಪನಿಯವರಿಗೆ ಆ್ಯಪ್‌ನಲ್ಲಿ ಪಾಸ್ ಬಂತು. ಗಾರೆ ಕೆಲಸದವನಿಗೆ ಪಾಸ್ ಕೊಡಿಸಲು ಕಂಪನಿ ಎಲ್ಲಿದೆ?

2021ರ ಮೇ 10ರ ಲಾಕ್‌ಡೌನ್ ನೆನಪಿದೆಯಾ? ಬೆಳಗ್ಗೆ 6ರಿಂದ 10ರವರೆಗೆ ದಿನಸಿ ತರಬಹುದು, ಆದರೆ ನಡೆದುಕೊಂಡೇ ಹೋಗಬೇಕು ಅಂದರು. ಮೊದಲ ದಿನ ಬೈಕಿನಲ್ಲಿ ಬಂದವರಿಗೆ ಕಂಡಕಂಡಲ್ಲಿ ಏಟು ಬಿತ್ತು. ಚಾನೆಲ್ಲುಗಳು 'ಲಾಠಿ ರುಚಿ' ಅಂತ ತೋರಿಸಿದವು, ಬಸ್ಕಿ ಹೊಡೆಸಿದ್ದನ್ನು ನಗುತ್ತ ತೋರಿಸಿದವು. ಟೀಕೆ ಬಂದ ಮೇಲೆ ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಬಹುದು ಅಂತ ತಿದ್ದುಪಡಿ ಬಂತು. ಬೆಳಗ್ಗೆ ಏಟು ತಿಂದವನು ಮಾಡಿದ್ದು ಸಂಜೆಯ ಹೊತ್ತಿಗೆ ತಪ್ಪೇ ಅಲ್ಲ! ಬಸ್ಕಿ ಹೊಡೆಸುವುದಕ್ಕೆ ಯಾವ ಕಾಯ್ದೆಯ ಯಾವ ಸೆಕ್ಷನ್ನೂ ಇಲ್ಲ. ಪೊಲೀಸರ ಕಷ್ಟವೂ ನಿಜ, ಮಾಸ್ಕ್ ಹಾಕಿಕೊಂಡು ದಿನವಿಡೀ ಬಿಸಿಲಲ್ಲಿ ನಿಂತರು, ಎಷ್ಟೋ ಜನ ಸೋಂಕು ತಗಲಿ ಸತ್ತರು. ದಿನಕ್ಕೊಂದು ಥರ ಬದಲಾಗುವ ಆದೇಶ ಕೊಟ್ಟು, ಹಗಲೂ ರಾತ್ರಿ ದುಡಿಸಿ, ಕೈಯಲ್ಲಿ ಲಾಠಿ ಮಾತ್ರ ಕೊಟ್ಟರೆ ಇನ್ನೇನಾಗುತ್ತದೆ.

ಮಾಸ್ಕ್ ದಂಡವನ್ನು 2020ರ ಅಕ್ಟೋಬರ್ ಶುರುವಿನಲ್ಲಿ ನಗರಗಳಲ್ಲಿ ಒಂದೇ ಏಟಿಗೆ 200ರಿಂದ 1,000 ರೂಪಾಯಿಗೆ ಏರಿಸಿದರು. ಜನ ಕೂಗಾಡಿದ ಮೇಲೆ 250ಕ್ಕೆ ಇಳಿಸಿದರು. ಮಾರ್ಷಲ್‌ಗಳು ದಂಡದ ಪುಸ್ತಕ ಹಿಡಿದು ಹೂವಿನ ಅಂಗಡಿ, ಬಸ್ ಸ್ಟಾಪ್ ಸುತ್ತಿದರು. ರಾಜಕೀಯ ಮೆರವಣಿಗೆಗಳಲ್ಲಿ ಮಾಸ್ಕ್ ಇಲ್ಲದ ನಾಯಕರ ಮೇಲೆ ಏನು ಕ್ರಮ ತೆಗೆದುಕೊಂಡಿರಿ ಅಂತ ಸರ್ಕಾರವನ್ನು ಹೈಕೋರ್ಟೇ ಕೇಳಬೇಕಾಯಿತು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಮೇಕೆದಾಟು ಪಾದಯಾತ್ರೆ ನಡೆಯಿತು. ಎಫ್‌ಐಆರ್ ಹಾಕಿದರು, ಯಾತ್ರೆ ಮುಂದುವರಿಯಿತು. ಮತ್ತೆ ಹೈಕೋರ್ಟ್ ಗದರಿದ ಮೇಲೆಯೇ ನಿಂತದ್ದು. ಪಕ್ಷ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ, ಮೂರೂ ಪಕ್ಷದವರ ಪಟ್ಟಿ ಕೊಡಬಹುದು. ಭಾನುವಾರ ಪಾನಿಪೂರಿ ಗಾಡಿ ಹಾಕಿದವನ ಗಾಡಿ ಎತ್ತಿಕೊಂಡು ಹೋದ ಪೊಲೀಸರೇ ಸಾವಿರಾರು ಜನರ ಮೆರವಣಿಗೆಗೆ ಬಂದೋಬಸ್ತ್ ಕೊಟ್ಟರು. ಇದನ್ನು ನೋಡಿದ ಮೇಲೂ ನಿಯಮ ಎಲ್ಲರಿಗೂ ಒಂದೇ ಅಂದರೆ ನಂಬುವವರು ಯಾರು?

ಕೋರ್ಟಿನಲ್ಲಿ ಈ ಕೇಸುಗಳ ಗತಿ ಇನ್ನೂ ವಿಚಿತ್ರ. ಹೆಚ್ಚಿನವು ಸರ್ಕಾರಿ ಆದೇಶ ಮೀರಿದ್ದಕ್ಕೆ ಹಾಕುವ ಐಪಿಸಿ 188ನೇ ಸೆಕ್ಷನ್ನಿನಡಿ ದಾಖಲಾದವು. ಆ ಸೆಕ್ಷನ್ನಿನ ಕೇಸನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಆದೇಶ ಹೊರಡಿಸಿದ ಅಧಿಕಾರಿಯೋ ಅವರ ಮೇಲಿನವರೋ ಬರೆದು ದೂರು ಕೊಡಬೇಕು, ಪೊಲೀಸರ ಎಫ್‌ಐಆರ್ ಸಾಲದು. ಆಗಿನ ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) 195 ಹೇಳುತ್ತಿದ್ದದ್ದು ಅದು. ಅವಸರದಲ್ಲಿ ಇದನ್ನು ಯಾರು ನೋಡುತ್ತಾರೆ? ವಕೀಲರನ್ನು ಇಡಲು ಶಕ್ತಿ ಇದ್ದವರು ಈ ತಾಂತ್ರಿಕ ಕಾರಣ ಹಿಡಿದು ಕೇಸು ರದ್ದು ಮಾಡಿಸಿಕೊಂಡರು. ಶಕ್ತಿ ಇಲ್ಲದವರು ದಂಡ ಕಟ್ಟಿ ಕೈತೊಳೆದುಕೊಂಡರು. ಈಗ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 188ರ ಜಾಗಕ್ಕೆ 223 ಬಂದಿದೆ. ದೂರಿನ ಷರತ್ತು ಹಾಗೇ ಇದೆ.

ಸಿಡ್ನಿಯಲ್ಲೂ ಇಂಥದ್ದೇ ಆಯಿತು. 2021ರ ಅಲೆ ಅಲ್ಲಿ ಶುರುವಾದದ್ದು ಸಮುದ್ರದಂಡೆಯ ಬೊಂಡೈ ಕಡೆಯಿಂದ. ರಾತ್ರಿ ಕರ್ಫ್ಯೂ, ಬೀದಿಯಲ್ಲಿ ಸೈನಿಕರು, ಹೊರಗೆ ವ್ಯಾಯಾಮಕ್ಕೆ ದಿನಕ್ಕೆ ಒಂದೇ ಗಂಟೆ ಅನ್ನುವ ಬಿಗಿ ನಿಯಮ ಬಿದ್ದದ್ದು ಮಾತ್ರ ವಲಸೆಗಾರರೂ ದುಡಿಯುವವರೂ ಜಾಸ್ತಿ ಇರುವ ಪಶ್ಚಿಮ ಮತ್ತು ನೈರುತ್ಯ ಭಾಗದ 12 ಪ್ರದೇಶಗಳ ಮೇಲೆ. ಒಂದು ವ್ಯತ್ಯಾಸವಿದೆ. ದಂಡದ ಚೀಟಿಯಲ್ಲಿ ಮಾಡಿದ ತಪ್ಪೇನು ಅಂತ ಸರಿಯಾಗಿ ಬರೆದಿಲ್ಲ ಅಂತ 2022ರಲ್ಲಿ ಕೆಲವರು ಕೋರ್ಟಿಗೆ ಹೋದರು. ಸರ್ಕಾರ ಅದನ್ನು ಒಪ್ಪಿಕೊಂಡು 33,000ಕ್ಕೂ ಹೆಚ್ಚು ದಂಡಗಳನ್ನು ಒಟ್ಟಿಗೇ ಕೈಬಿಟ್ಟಿತು. ಕೋರ್ಟಿಗೆ ಹೋಗದವರಿಗೂ ದುಡ್ಡು ವಾಪಸ್.

ಕೇರಳ ಗಡಿಯ ತಲಪಾಡಿಯ ಕಥೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಮಂಜೇಶ್ವರ, ಕಾಸರಗೋಡಿನ ಜನರಿಗೆ ರಾಜ್ಯ ಕೇರಳ, ಪೇಟೆ ಮಂಗಳೂರು. ಮನೆಯಲ್ಲಿ ತುಳು, ಕನ್ನಡ ಮಾತಾಡುವವರು ಬಹಳ. ಮಕ್ಕಳ ಕಾಲೇಜು, ಮದುವೆಯ ಜವಳಿ, ಮುಖ್ಯವಾಗಿ ದೊಡ್ಡ ಆಸ್ಪತ್ರೆ, ಎಲ್ಲಕ್ಕೂ ಮಂಗಳೂರು, ದೇರಳಕಟ್ಟೆ. ಡಯಾಲಿಸಿಸ್‌ಗೆ ವಾರವಾರ ಗಡಿ ದಾಟುವವರಿದ್ದರು. 2020ರ ಮಾರ್ಚ್ ಕೊನೆಗೆ ಕಾಸರಗೋಡಿನಲ್ಲಿ ಕೇಸುಗಳು ಏರಿದಾಗ ಕರ್ನಾಟಕ ಗಡಿ ಮುಚ್ಚಿತು. ಗಡಿಯ ರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದರು. ಆಂಬುಲೆನ್ಸ್‌ಗಳೂ ವಾಪಸ್. ಹೊತ್ತಿಗೆ ಚಿಕಿತ್ಸೆ ಸಿಗದೆ ಹಲವರು ಸತ್ತರು. ಅವರಿಗಿದ್ದದ್ದು ಕೋವಿಡ್ ಅಲ್ಲ, ಹೃದಯದ ತೊಂದರೆಯಂಥ ಮಾಮೂಲಿ ಕಾಯಿಲೆಗಳು.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿ ಅಂತ ಆದೇಶಿಸಿತು. ಜೀವಿಸುವ ಹಕ್ಕು, ಓಡಾಡುವ ಹಕ್ಕು ಎರಡರ ಪ್ರಶ್ನೆಯೂ ಇದು ಅಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರ ಮಧ್ಯೆ ಬಂದು ಮಾತುಕತೆ ನಡೆಸಿತು. ರೋಗಿಗಳನ್ನು ತಲಪಾಡಿಯಲ್ಲಿ ವೈದ್ಯರು ನೋಡಿ ಒಳಗೆ ಬಿಡುವ ಒಪ್ಪಂದವಾಯಿತು ಅಂತ ಏಪ್ರಿಲ್ 7ಕ್ಕೆ ಕೋರ್ಟಿಗೆ ತಿಳಿಸಲಾಯಿತು. ಮಂಗಳೂರಿನವರ ಭಯಕ್ಕೂ ಕಾರಣ ಇತ್ತು: ಇರುವ ಬೆಡ್ಡು, ವೆಂಟಿಲೇಟರ್ ಇಷ್ಟೇ, ನಾಳೆ ನಮಗೇ ಬೇಕಾದರೆ? ಆದರೆ ಕೋವಿಡ್ ಇಲ್ಲದ ರೋಗಿಯನ್ನು ಒಬ್ಬ ಡಾಕ್ಟರು, ಒಂದು ಥರ್ಮಾಮೀಟರು, ಒಂದು ಫಾರಂ ಇಟ್ಟುಕೊಂಡು ಒಳಗೆ ಬಿಡುವ ವ್ಯವಸ್ಥೆ ಮೊದಲ ದಿನವೇ ಆಗಬಹುದಿತ್ತು. ಅಷ್ಟಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಇಷ್ಟಾಗಿ ಅದೇ ಕಥೆ 2021ರ ಫೆಬ್ರುವರಿಯಲ್ಲಿ ಮತ್ತೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ. ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕು. ಆಗಸ್ಟ್‌ನಲ್ಲಂತೂ ಎರಡು ಡೋಸ್ ಲಸಿಕೆ ಹಾಕಿಸಿಕೊಂಡವರೂ ತೋರಿಸಬೇಕು. ತಿಂಗಳಿಗೊಮ್ಮೆ ವಿಮಾನದಲ್ಲಿ ಬರುವವನಿಗೆ ಅದು ಟಿಕೆಟ್ಟಿನ ಜತೆ ಇನ್ನೊಂದಿಷ್ಟು ಖರ್ಚು. ಉಪ್ಪಳದಿಂದ ಮಂಗಳೂರಿನ ಬಟ್ಟೆ ಅಂಗಡಿಗೆ ದಿನಾ ಕೆಲಸಕ್ಕೆ ಬರುವ ಹುಡುಗಿಗೆ ನೌಕರಿಯೇ ಬೇಡ ಅನ್ನಿಸುವಷ್ಟು ಕಿರಿಕಿರಿ. ನಿಯಮದ ಕಾಗದದಲ್ಲಿ ಇಬ್ಬರೂ 'ಅಂತರರಾಜ್ಯ ಪ್ರಯಾಣಿಕರು'.

ಈಗ ದುಡ್ಡಿನ ಮಾತು. 2020ರ ಮೇನಲ್ಲಿ ಯಡಿಯೂರಪ್ಪ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000. 2021ರಲ್ಲಿ ಆಟೊದವರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000. ಕಡಿಮೆಯೋ ಜಾಸ್ತಿಯೋ, ಕೊಟ್ಟರು. ಆದರೆ ಅದು ಕೊಟ್ಟದ್ದು ವೃತ್ತಿ ನೋಡಿ, ಜಾಗ ನೋಡಿ ಅಲ್ಲ. 2020ರ ಜೂನ್‌ನಲ್ಲಿ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಸಿದ್ದಾಪುರ, ವಿ.ವಿ. ಪುರಂ ಭಾಗಗಳನ್ನು ಮತ್ತೆ ಮುಚ್ಚಿದಾಗ ಉಳಿದ ಬೆಂಗಳೂರು ತೆರೆದಿತ್ತು. ಮೂಟೆ ಹೊರುವವನಿಗೂ, ನಿಂಬೆಹಣ್ಣಿನ ಗುಡ್ಡೆ ಹಾಕಿ ಮಾರುವ ಅಜ್ಜಿಗೂ ಆ ಮುಚ್ಚಿದ ದಿನಗಳಿಗೆ ಪ್ರತ್ಯೇಕ ಪರಿಹಾರ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಮೇಲೆ ಬಿಗಿ ನಿಯಮ ಹೇರಲು ಹೊರಟಾಗ ಮೇಯರ್ ಆ್ಯಂಡಿ ಬರ್ನಮ್ ಪಟ್ಟು ಹಿಡಿದರು. ಮುಚ್ಚುವುದಾದರೆ ಕನಿಷ್ಠ 6.5 ಕೋಟಿ ಪೌಂಡ್ ಕೊಡಿ ಅಂದರು. ಸರ್ಕಾರ 6 ಕೋಟಿಗೆ ನಿಂತಿತು, ಮಾತುಕತೆ ಮುರಿಯಿತು, ನಿಯಮ ಹೇರಿಯೇಬಿಟ್ಟರು. ಮೇಯರ್ ಸೋತರು ಅನ್ನಬಹುದು. ಆದರೆ ಬೀದಿಗೆ ಬೇಲಿ ಹಾಕುವ ಮೊದಲು ಬೆಲೆ ಎಷ್ಟು ಅಂತ ಟಿವಿ ಕ್ಯಾಮೆರಾ ಮುಂದೆ ಚೌಕಾಸಿ ನಡೆಯಿತಲ್ಲ, ನಮ್ಮ ಯಾವ ಮೇಯರ್ ಅಥವಾ ಕಾರ್ಪೊರೇಟರ್ ಅಷ್ಟು ಮಾಡಿದರು?

1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬ್ರಿಟಿಷರು ಮುಂಬೈ ಪ್ಲೇಗಿನ ಕಾಲದಲ್ಲಿ ತರಾತುರಿಯಲ್ಲಿ ಮಾಡಿದ್ದು. ಬರೆದಾಗ ಅದರಲ್ಲಿದ್ದ ಸೆಕ್ಷನ್‌ಗಳೇ ನಾಲ್ಕು. ನಾಲ್ಕನೆಯದು ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗಳ ಮೇಲೆ ದಾವೆ ಹೂಡುವಂತಿಲ್ಲ ಅನ್ನುತ್ತದೆ. ಬೇಲಿಯೊಳಗೆ ಸಿಕ್ಕವನ ಬಗ್ಗೆ ಅಂಥ ಒಂದು ಸಾಲೂ ಇಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಕಾನೂನು ಆಯೋಗ ತನ್ನ 286ನೇ ವರದಿಯಲ್ಲಿ ಈ ಕಾಯ್ದೆ ಇಂದಿನ ಕಾಲಕ್ಕೆ ಸಾಲದು ಅಂದಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ ಯಾರ ಅಧಿಕಾರ ಎಲ್ಲಿಯವರೆಗೆ ಅಂತ ಸ್ಪಷ್ಟವಾಗಿ ಬರೆಯಬೇಕು, ಮೊದಲೇ ಒಂದು ಸಾಂಕ್ರಾಮಿಕ ಯೋಜನೆ ಮಾಡಿಟ್ಟುಕೊಳ್ಳಬೇಕು ಅಂತ ಶಿಫಾರಸು ಮಾಡಿತು.

ಆ ಯೋಜನೆಯಲ್ಲಿ ಮುಚ್ಚುವ ಆದೇಶದ ಒಂದು ನಮೂನೆ ಇರಲಿ, ಒಂದೇ ಪುಟದ್ದು ಸಾಕು. ಈ ಬೀದಿಯನ್ನೇ ಯಾಕೆ ಮುಚ್ಚುತ್ತಿದ್ದೇವೆ, ಯಾವ ಅಂಕಿ ನೋಡಿ. ಯಾವ ತಾರೀಕಿಗೆ ತನ್ನಷ್ಟಕ್ಕೆ ತೆರೆಯುತ್ತದೆ, ಮುಂದುವರಿಸಬೇಕಾದರೆ ಹೊಸ ಆದೇಶ ಯಾರು ಕೊಡಬೇಕು. ಹೆರಿಗೆ, ಡಯಾಲಿಸಿಸ್, ಎದೆನೋವಿಗೆ ಯಾವ ದಾರಿ, ಯಾವ ಫೋನ್ ನಂಬರ್. ಒಳಗಿರುವ ಪ್ರತಿ ಮನೆಗೆ ದಿನಕ್ಕೆ ಎಷ್ಟು ರೂಪಾಯಿ, ಯಾವ ಖಾತೆಯಿಂದ. ಈ ಕೊನೆಯ ಸಾಲು ತುಂಬಿಸದೆ ಜಿಲ್ಲಾಧಿಕಾರಿ ಸಹಿ ಹಾಕುವಂತಿಲ್ಲ ಅಂತಾದರೆ ಅರ್ಧ ಬೀದಿಗಳಿಗೆ ಗಳವೇ ಬೀಳುವುದಿಲ್ಲ, ಬಿದ್ದ ಕಡೆ ಜನ ಹಿಂದಿನ ಗಲ್ಲಿಯಲ್ಲಿ ನುಸುಳುವುದೂ ಕಡಿಮೆಯಾಗುತ್ತದೆ.